ಕೊಸಾಕರಲ್ಲಿ ಬೌದ್ಧರೂ ಇದ್ದರಾ? ಸಾಲ್ ಜಿಲ್ಲೆಯ ಜನ, ಭಾಷೆ ಮತ್ತು ಚದುರಿದ ಸಂಸಾರಗಳು

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಕೆಲಸದ ಮೇಲೆ ಮುಂಡಗೋಡಕ್ಕೆ ಹೋದಾಗ ಅಲ್ಲಿನ ಟಿಬೆಟನ್ ಕಾಲೊನಿಯ ಮಠದಲ್ಲಿ ರಷ್ಯಾದ ಕಲ್ಮಿಕಿಯಾದಿಂದ ಬಂದ ಒಬ್ಬ ಯುವ ಭಿಕ್ಷು ಪರಿಚಯವಾದರು. ತಮ್ಮ ಮುತ್ತಜ್ಜ ಡಾನ್ ಪ್ರಾಂತದ ಸಾಲ್ ಜಿಲ್ಲೆಯ ಕೊಸಾಕ್ ಆಗಿದ್ದರು ಅಂತ ಹೇಳಿದರು. ನಾನು ತಿಳಿದಂತೆ ಕೊಸಾಕರು ಅಂದರೆ ರಷ್ಯನ್ನರು, ಕ್ರೈಸ್ತರು. ಬೌದ್ಧ ಕೊಸಾಕ್ ಇರೋದು ಸಾಧ್ಯವಾ? ಆ ಜಿಲ್ಲೆ ಈಗ ಎಲ್ಲಿದೆ? ಅಲ್ಲಿ ಯಾವ ಭಾಷೆ ಮಾತಾಡುತ್ತಿದ್ದರು?

ಉತ್ತರ: ಆ ಭಿಕ್ಷು ಹೇಳಿದ್ದು ಸರಿಯಾಗಿಯೇ ಇದೆ. ಸಾಲ್ ಜಿಲ್ಲೆಯಲ್ಲಿ ಬೌದ್ಧ ಕೊಸಾಕರು ಸಾವಿರಾರು ಮಂದಿ ಇದ್ದರು. ಅಷ್ಟೇ ಅಲ್ಲ, ಅದೇ ಜಿಲ್ಲೆಯಲ್ಲಿ ಅವರ ಪಕ್ಕದ ಮನೆಯಲ್ಲೇ ಇದ್ದ ರಷ್ಯನ್ ರೈತ, ಚರ್ಚಿಗೆ ಹೋಗುವ ಪಕ್ಕಾ ಕ್ರೈಸ್ತ, ಕೊಸಾಕ್ ಆಗಿರಲಿಲ್ಲ. ಇದು ಅರ್ಥವಾದರೆ ಆ ಜಿಲ್ಲೆಯ ಅರ್ಧ ಇತಿಹಾಸ ಅರ್ಥವಾದ ಹಾಗೆ.

ಝಾರ್ ಕಾಲದ ರಷ್ಯಾದಲ್ಲಿ ಕೊಸಾಕ್ ಅನ್ನೋದು ಒಂದು ಜನಾಂಗದ ಹೆಸರಾಗಿರಲಿಲ್ಲ. ಅದು ಕಾನೂನು ಗುರುತಿಸಿದ ಒಂದು ವರ್ಗ. ಸರ್ಕಾರ ಜಮೀನು ಕೊಡುತ್ತಿತ್ತು, ಬದಲಿಗೆ ಗಂಡಸರು ಕುದುರೆ ಸೇನೆಯಲ್ಲಿ ದುಡಿಯಬೇಕಿತ್ತು. 1835ರ ಡಾನ್ ಸೇನಾ ಕಾಯ್ದೆಯ ಲೆಕ್ಕದಲ್ಲಿ ಒಬ್ಬ ಗಂಡಸಿಗೆ 30 ದೆಸ್ಯಾತಿನಾ, ಅಂದರೆ ಸುಮಾರು 80 ಎಕರೆ. ಬರಬರುತ್ತಾ ಜನ ಜಾಸ್ತಿಯಾಗಿ ಪಾಲು ಕರಗಿತು, ಆದರೆ ಲೆಕ್ಕ ಅದೇ ಉಳಿಯಿತು. 1870ರ ದಶಕದ ನಿಯಮದ ಪ್ರಕಾರ ಸೇವೆಯ ಅವಧಿ ಒಟ್ಟು 20 ವರ್ಷ. ತರಬೇತಿ, ರೆಜಿಮೆಂಟಿನ ಕೆಲಸ, ಕರೆದಾಗ ಬರಬೇಕಾದ ವರ್ಷಗಳು ಎಲ್ಲ ಸೇರಿ. ಕುದುರೆ, ಜೀನು, ಸಮವಸ್ತ್ರ, ಕತ್ತಿ ಎಲ್ಲ ಅವನದೇ ಖರ್ಚು. ಎರಡು ಮೂರು ಗಂಡುಮಕ್ಕಳಿದ್ದ ಬಡ ಮನೆ ಇದರಿಂದಲೇ ಸಾಲಕ್ಕೆ ಬೀಳುತ್ತಿತ್ತು. ಈ ಒಪ್ಪಂದದೊಳಗೆ ಯಾರಿದ್ದರೋ ಅವರೆಲ್ಲ ಕೊಸಾಕರು. ಯಾವ ದೇವರಿಗೆ ಕೈ ಮುಗಿಯುತ್ತಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಅನ್ನೋದು ಆಮೇಲಿನ ಮಾತು.

ಇನ್ನು ಜಿಲ್ಲೆ ಎಲ್ಲಿತ್ತು ಅನ್ನೋದಕ್ಕೆ ಬರೋಣ. ಡಾನ್ ನದಿಯ ಎಡಗಡೆ, ದಕ್ಷಿಣ ಪೂರ್ವಕ್ಕೆ, ಸಾಲ್ ಮತ್ತು ಮಾನಿಚ್ ನದಿಗಳ ಸುತ್ತಲಿನ ಬಯಲು ಸೀಮೆ ಅದು. ಮರ ಕಡಿಮೆ, ಮಳೆ ಕಡಿಮೆ. ಮಾನಿಚ್ ಕಡೆಗೆ ಹೋದರೆ ಉಪ್ಪುನೀರಿನ ಕೆರೆಗಳು. ವಸಂತದಲ್ಲಿ ಕೆಲವೇ ವಾರ ಕಾಡು ಟ್ಯುಲಿಪ್ ಹೂಗಳಿಂದ ಬಯಲು ತುಂಬಿರುತ್ತೆ, ಆಮೇಲೆ ಬಿಸಿಲಿಗೆ ಒಣಗಿ ಹಳದಿಯಾಗುತ್ತೆ. ಬೇಸಾಯಕ್ಕಿಂತ ಕುದುರೆ, ದನ, ಕುರಿಗೆ ಹೇಳಿ ಮಾಡಿಸಿದ ಜಾಗ. ಈಗ ಇದು ರಷ್ಯಾದ ರೊಸ್ತೋವ್ ಪ್ರಾಂತದ ಪೂರ್ವ ಭಾಗ. ಅದರಾಚೆ ಕಲ್ಮಿಕಿಯಾ ಗಣರಾಜ್ಯ ಶುರುವಾಗುತ್ತೆ.

ಆಗ ಡಾನ್ ಪ್ರಾಂತದಲ್ಲಿ ಒಂಬತ್ತು ಜಿಲ್ಲೆಗಳಿದ್ದವು. ರೊಸ್ತೋವ್ ಮತ್ತು ತಗನ್‌ರೋಗ್ ಎರಡೂ 1888ರಲ್ಲಷ್ಟೇ ಸೇರಿದವು. ಇಡೀ ಪ್ರಾಂತ ಬೇರೆ ಪ್ರಾಂತಗಳ ಹಾಗೆ ಗೃಹ ಇಲಾಖೆಯ ಕೈಯಲ್ಲಿರಲಿಲ್ಲ, ಯುದ್ಧ ಇಲಾಖೆಯ ಕೈಯಲ್ಲಿತ್ತು. ಕೊಸಾಕ್ ಜಿಲ್ಲೆಗೆ ಅತಮಾನ್ ಅನ್ನುವ ಅಧಿಕಾರಿ. ಅವನ ಕೆಳಗೆ ಸ್ತಾನಿತ್ಸಾಗಳು, ಅಂದರೆ ಕೊಸಾಕರ ದೊಡ್ಡ ಊರುಗಳು. ಪ್ರತಿ ಸ್ತಾನಿತ್ಸಾಕ್ಕೂ ಆರಿಸಿ ಬಂದ ಅತಮಾನ್, ಊರಿನ ಸಭೆ, ಸಾಮೂಹಿಕ ಜಮೀನು. ಸಭೆಯಲ್ಲಿ ಮಾತಾಡುವ ಹಕ್ಕು ಕೊಸಾಕರಿಗೆ ಮಾತ್ರ.

ಸಾಲ್ ಜಿಲ್ಲೆ ಆ ಹೆಸರಿನಲ್ಲಿ ಹುಟ್ಟಿದ್ದು 1884ರಲ್ಲಿ. ಅದಕ್ಕೂ ಮೊದಲು ಅದು ಕಲ್ಮಿಕ್ ಜಿಲ್ಲೆ, ಅದಕ್ಕೂ ಹಿಂದೆ ಕಲ್ಮಿಕರು ಮಂದೆ ಮೇಯಿಸಿಕೊಂಡು ತಿರುಗುವ ಪ್ರದೇಶ. ಹೆಸರು ಬದಲಾದದ್ದು ಸುಮ್ನೆ ಅಲ್ಲ. ಆ ಹೊತ್ತಿಗೆ ಅಲ್ಲಿಗೆ ಬೇರೆ ಜನರೂ ಬಂದು ನೆಲೆಸಿದ್ದರು, ಕಲ್ಮಿಕರದೇ ನೆಲ ಅನ್ನುವ ಮಾತು ಕಾಗದದಿಂದಲೂ ಅಳಿಸಿಹೋಯಿತು. ಜಿಲ್ಲಾ ಕೇಂದ್ರ ವೆಲಿಕೊಕ್ನ್ಯಾಝೆಸ್ಕಾಯಾ ಸ್ತಾನಿತ್ಸಾ. ಈಗ ಅದರ ಹೆಸರು ಪ್ರೊಲೆಟಾರ್ಸ್ಕ್. ನಕ್ಷೆಯಲ್ಲಿ ಸಾಲ್ಸ್ಕ್ ಅನ್ನುವ ಪಟ್ಟಣ ಕಂಡು ಹಳೆ ಜಿಲ್ಲೆಯ ಕೇಂದ್ರ ಅದೇ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅಲ್ಲ. ಅದು ರೈಲು ಬಂದ ಮೇಲೆ ಸ್ಟೇಷನ್ ಸುತ್ತ ಬೆಳೆದ ಊರು.

ಈ ಕಲ್ಮಿಕರು ಯಾರು? ಮಂಗೋಲ್ ಮೂಲದ ಓಯಿರಾತ್ ಜನ. 17ನೇ ಶತಮಾನದ ಮೊದಲ ದಶಕಗಳಲ್ಲಿ ಮಧ್ಯ ಏಷ್ಯಾದ ಝುಂಗಾರಿಯಾ ಕಡೆಯಿಂದ ಮಂದೆಗಳ ಸಮೇತ ಪಶ್ಚಿಮಕ್ಕೆ ನಡೆದು ವೋಲ್ಗಾ ನದಿಯ ಕೆಳಭಾಗಕ್ಕೆ ಬಂದರು. ಟಿಬೆಟಿನ ಬೌದ್ಧಧರ್ಮ ಅವರದು. ಅವರಲ್ಲಿ ಕೆಲವು ಗುಂಪುಗಳು ತಮ್ಮ ಒಡೆಯರ ಜೊತೆ ಹೊಂದದೆ ಡಾನ್ ಕಡೆಗೆ ಸರಿದವು. ಡಾನ್ ಕೊಸಾಕರಿಗೂ ಒಳ್ಳೆಯ ಸವಾರರು ಬೇಕಿತ್ತು. 1771ರಲ್ಲಿ ವೋಲ್ಗಾದ ಕಲ್ಮಿಕರಲ್ಲಿ ಬಹುಪಾಲು ಜನ ಉಬಾಶಿ ಖಾನನ ಹಿಂದೆ ಝುಂಗಾರಿಯಾಕ್ಕೆ ವಾಪಸ್ ಹೊರಟರು. ದಾರಿಯಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಸತ್ತರು. ರಾಣಿ ಕ್ಯಾಥರೀನ್ ಕಲ್ಮಿಕ್ ಖಾನರ ಆಡಳಿತವನ್ನೇ ರದ್ದು ಮಾಡಿದಳು. ಡಾನ್ ಕಡೆಗೆ ಬಂದಿದ್ದವರು ಮಾತ್ರ ಅಲ್ಲೇ ಉಳಿದರು. 19ನೇ ಶತಮಾನದ ಆರಂಭಕ್ಕೆ ಅವರೆಲ್ಲ ಡಾನ್ ಸೇನೆಯ ಪೂರ್ತಿ ಸದಸ್ಯರು. ಇವರನ್ನು ಬುಝಾವಾ ಅಂತಲೂ ಕರೆಯುತ್ತಾರೆ. ಕಲ್ಮಿಕ್ ಭಾಷೆಯ ಮೂರು ಮುಖ್ಯ ಒಳನುಡಿಗಳಲ್ಲಿ ಇವರದೂ ಒಂದು. ಉಳಿದೆರಡು ತೊರ್ಗುತ್ ಮತ್ತು ದೆರ್ಬೆತ್.

ಇವರನ್ನು 13 ಸೋತ್ನ್ಯಾಗಳಾಗಿ, ಅಂದರೆ ನೂರು ಸವಾರರ ತುಕಡಿಗಳ ಲೆಕ್ಕದಲ್ಲಿ, ಹಂಚಿದ್ದರು. 1870ರ ದಶಕದಲ್ಲಿ ಆ ತುಕಡಿಗಳೇ ಸ್ತಾನಿತ್ಸಾಗಳಾದವು. ಹೆಸರು ಇಟ್ಟ ರೀತಿ ನೋಡಿ: ಪ್ಲಾತೊವ್, ದೆನಿಸೊವ್, ಇಲೊವಾಯ್ಸ್ಕಿ, ವ್ಲಾಸೊವ್, ಗ್ರಾಬ್ಬೆ, ಪೊತಾಪೊವ್ ಅಂತ ಡಾನ್ ಅತಮಾನರ ಹೆಸರುಗಳನ್ನು ಕಲ್ಮಿಕ್ ಊರುಗಳಿಗೆ ಅಂಟಿಸಿದರು. ಪ್ಲಾತೊವ್‌ಸ್ಕಾಯಾ, ದೆನಿಸೊವ್‌ಸ್ಕಾಯಾ, ಗ್ರಾಬ್ಬೆವ್‌ಸ್ಕಾಯಾ. ಹಳೆ ಕಲ್ಮಿಕ್ ಕುಲಗಳ ಹೆಸರು ಉಳಿಸಿಕೊಂಡವು ಕೆಲವು ಮಾತ್ರ: ಬುರುಲ್‌ಸ್ಕಾಯಾ, ಬಾತ್ಲಾಯೆವ್‌ಸ್ಕಾಯಾ, ಎರ್ಕೆತಿನ್‌ಸ್ಕಾಯಾ, ಚುನುಸೊವ್‌ಸ್ಕಾಯಾ. ಆದರೆ ಊರೊಳಗೆ ಜನ ತಮ್ಮನ್ನು ಗುರುತಿಸಿಕೊಳ್ಳುತ್ತಿದ್ದದ್ದು ಕುಲದ ಹೆಸರಿನಿಂದಲೇ. ಅದಕ್ಕೆ ಅವರು ಅಯ್ಮಗ್ ಅನ್ನುತ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಈಗ ಭಾಷೆಯ ವಿಷಯ. 1897ರ ಜನಗಣತಿಯ ಪ್ರಕಾರ ಸಾಲ್ ಜಿಲ್ಲೆಯ ಜನಸಂಖ್ಯೆ ಸುಮಾರು 76,000. ಇಡೀ ಡಾನ್ ಪ್ರಾಂತದಲ್ಲಿ 25 ಲಕ್ಷಕ್ಕೂ ಜಾಸ್ತಿ ಜನ ಇದ್ದರು ಅನ್ನೋದರ ಮುಂದೆ ಇದು ತೀರಾ ಕಡಿಮೆ. ಆದರೆ ಪ್ರಾಂತದ ಸುಮಾರು 32,000 ಕಲ್ಮಿಕರಲ್ಲಿ ಹೆಚ್ಚುಕಡಿಮೆ ಎಲ್ಲರೂ ಇದ್ದದ್ದು ಈ ಒಂದು ಜಿಲ್ಲೆಯಲ್ಲೇ. ಹಾಗಾಗಿ ಇಲ್ಲಿ ಕಲ್ಮಿಕ್, ರಷ್ಯನ್, ಉಕ್ರೇನಿಯನ್ ಮೂರೂ ದೊಡ್ಡ ಭಾಷೆಗಳೇ. ಅವುಗಳ ಜೊತೆಗೆ ಅಲ್ಲಲ್ಲಿ ಜರ್ಮನ್ ಆಡುವ ವಲಸಿಗ ರೈತರೂ ಇದ್ದರು.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. 1897ರ ಗಣತಿಯಲ್ಲಿ ನೀವು ಯಾವ ಜನಾಂಗ ಅಂತ ಕೇಳಲಿಲ್ಲ. ತಾಯ್ನುಡಿ, ಧರ್ಮ, ವರ್ಗ ಯಾವುದು ಅಂತ ಕೇಳಿದರು. ಅದೂ ಅಲ್ಲದೆ ಉಕ್ರೇನಿಯನ್ ಭಾಷೆಯನ್ನು ರಷ್ಯನ್ನಿನ ಒಂದು ಕವಲು ಅಂತ ಲೆಕ್ಕ ಹಾಕಿ ಬೇರೆ ಸಾಲಿನಲ್ಲಿ ಬರೆದರು. ಡಾನ್ ಪ್ರಾಂತದಲ್ಲಿ ಅದನ್ನು ತಾಯ್ನುಡಿ ಅಂದವರು ಸುಮಾರು 28%. ಇದನ್ನು ಹಿಡಿದು ಈಗ ಎರಡು ದೇಶಗಳ ಪರ ವಾದ ಮಾಡುವವರು ಅಲ್ಲಿ ಇಷ್ಟು ನಮ್ಮವರಿದ್ದರು ಅಂತ ಎಳೆದಾಡುತ್ತಾರೆ. ಆ ಅಂಕಿ ಅಷ್ಟು ಭಾರ ಹೊರಲಾರದು. ಮನೆಯಲ್ಲಿ ಉಕ್ರೇನಿಯನ್, ಸಂತೆಯಲ್ಲಿ ರಷ್ಯನ್, ಕುದುರೆ ಕಾಯುವಾಗ ನಾಲ್ಕು ಕಲ್ಮಿಕ್ ಮಾತು ಆಡುವ ಒಬ್ಬ ಕೂಲಿಯವನಿಗೆ ಗಣತಿಯ ಹಾಳೆಯಲ್ಲಿ ಸಿಕ್ಕಿದ್ದು ಒಂದೇ ಖಾನೆ.

ಉಕ್ರೇನಿಯನ್ ಮಾತಾಡುವವರು ಅಲ್ಲಿಗೆ ಬಂದದ್ದು ಹೇಗೆ? ಜೀತ ಪದ್ಧತಿ 1861ರಲ್ಲಿ ರದ್ದಾದ ಮೇಲೆ ನೆಲ ಹುಡುಕಿಕೊಂಡು ರಷ್ಯಾದ ಮಧ್ಯಭಾಗದಿಂದ, ಉಕ್ರೇನಿನಿಂದ ರೈತರು ಡಾನ್ ಕಡೆಗೆ ಹರಿದು ಬಂದರು. ಇವರನ್ನು ಇನೊಗೊರೊದ್ನಿ ಅಂತ ಕರೆದರು, ಬೇರೆ ಊರಿನವರು ಅಂತ. ಬಂದು ಎಷ್ಟು ತಲೆಮಾರಾದರೂ ಅವರು ಬೇರೆ ಊರಿನವರೇ. ಕೊಸಾಕರ ಜಮೀನನ್ನು ಗೇಣಿಗೆ ಮಾಡಬೇಕು. ಮನೆ ಕಟ್ಟಿಕೊಂಡರೆ ಮನೆಯಡಿಯ ನೆಲಕ್ಕೂ ಅಳತೆಯ ಲೆಕ್ಕದಲ್ಲಿ ಬಾಡಿಗೆ. ಊರ ಹುಲ್ಲುಗಾವಲಿನಲ್ಲಿ ದನ ಬಿಡಲೂ ದುಡ್ಡು. ಊರ ಸಭೆಯಲ್ಲಿ ಬಾಯಿ ಬಿಡುವ ಹಾಗಿಲ್ಲ. ಇವರು ರಷ್ಯನ್ನರು, ಉಕ್ರೇನಿಯನ್ನರು, ಆರ್ಥೊಡಾಕ್ಸ್ ಕ್ರೈಸ್ತರೇ. ಆದರೂ ಹಕ್ಕಿನ ವಿಷಯದಲ್ಲಿ ಬೌದ್ಧ ಕಲ್ಮಿಕನಿಗಿಂತ ಕೆಳಗೆ.

ಇದನ್ನು ಇಬ್ಬರ ಬದುಕಿನಲ್ಲಿ ನೋಡಬಹುದು. ಕೆಂಪು ಅಶ್ವದಳದ ಸೆಮ್ಯೊನ್ ಬುದ್ಯೊನ್ನಿ ಹೆಸರು ನೀವು ಕೇಳಿರುತ್ತೀರಿ, ಆ ದೊಡ್ಡ ಮೀಸೆಯ ಮಾರ್ಷಲ್. ಅವನನ್ನು ಕೊಸಾಕ್ ಅಂತ ಬರೆದದ್ದು ಎಷ್ಟೋ ಕಡೆ ಇದೆ. ಅವನು ಕೊಸಾಕ್ ಅಲ್ಲ. 1883ರಲ್ಲಿ ಪ್ಲಾತೊವ್‌ಸ್ಕಾಯಾ ಸ್ತಾನಿತ್ಸಾಕ್ಕೆ ಸೇರಿದ ಕೊಝ್ಯೂರಿನ್ ಅನ್ನುವ ಹಳ್ಳಿಯಲ್ಲಿ ಹುಟ್ಟಿದ ಬಡ ಇನೊಗೊರೊದ್ನಿ ಹುಡುಗ. ಚಿಕ್ಕ ವಯಸ್ಸಿನಲ್ಲೇ ವ್ಯಾಪಾರಿಯೊಬ್ಬನ ಹತ್ತಿರ ಕೆಲಸಕ್ಕೆ ನಿಂತವನು. ಅದೇ ಸ್ತಾನಿತ್ಸಾಕ್ಕೆ ಸೇರಿದ ಮೊಕ್ರಾಯಾ ಎಲ್ಮುತಾ ಹಳ್ಳಿಯಲ್ಲಿ 1879ರಲ್ಲಿ ಓಕಾ ಗೊರೊದೊವಿಕೊವ್ ಹುಟ್ಟಿದ. ಕಲ್ಮಿಕ್, ಬೌದ್ಧ ಮನೆತನ, ಮತ್ತು ಕೊಸಾಕ್. ಆದರೆ ಕೊಸಾಕ್ ಆಗಿದ್ದ ಮಾತ್ರಕ್ಕೆ ಅವನ ಮನೆಯಲ್ಲಿ ಹಣ ಇರಲಿಲ್ಲ. ಅವನೂ ಕುದುರೆ ಕಾಯುತ್ತಲೇ ಬೆಳೆದ. 1918ರಲ್ಲಿ ಅಂತರ್ಯುದ್ಧ ಶುರುವಾದಾಗ ಈ ಇಬ್ಬರೂ ಒಂದೇ ಕಡೆ, ಬೊಲ್ಶೆವಿಕರ ಕೆಂಪು ಸೇನೆಯಲ್ಲಿ, ಒಂದೇ ತುಕಡಿಯಲ್ಲಿ ನಿಂತರು. 1920ರಲ್ಲಿ ಗೊರೊದೊವಿಕೊವ್ ಎರಡನೇ ಅಶ್ವಸೇನೆಯ ಮುಖ್ಯಸ್ಥನಾದ.

ಕುದುರೆಯ ವಿಷಯ ಸ್ವಲ್ಪ ಹೇಳಲೇಬೇಕು, ಏಕೆಂದರೆ ಆ ಜಿಲ್ಲೆಯ ಬದುಕು ನಿಂತದ್ದು ಅದರ ಮೇಲೆ. 19ನೇ ಶತಮಾನದಲ್ಲಿ ಸರ್ಕಾರ ಕಲ್ಮಿಕರ ಹಳೆ ಮೇವಿನ ನೆಲದಲ್ಲಿ ದೊಡ್ಡ ದೊಡ್ಡ ತುಂಡುಗಳನ್ನು ಖಾಸಗಿ ಕುದುರೆ ಸಾಕಣೆದಾರರಿಗೆ ಕೊಟ್ಟಿತು. ಗೇಣಿ ಹೆಸರಿಗೆ ಮಾತ್ರ. ಷರತ್ತು ಏನೆಂದರೆ ಸೇನೆಗೆ ಕುದುರೆ ಒದಗಿಸಬೇಕು. ಈ ಸಾಕಣೆ ಕೇಂದ್ರಗಳಿಗೆ ಝಿಮೊವ್ನಿಕ್ ಅಂತ ಹೆಸರು. ಚಳಿಗಾಲದಲ್ಲಿ ಮಂದೆ ಬಂದು ತಂಗುವ ಜಾಗ. ಈಗಲೂ ಅಲ್ಲಿ ಝಿಮೊವ್ನಿಕಿ ಅನ್ನುವ ಊರಿದೆ. ರಷ್ಯನ್ ಸೇನೆಯ ಸವಾರಿ ಕುದುರೆಗಳಲ್ಲಿ ದೊಡ್ಡ ಪಾಲು ಈ ಬಯಲಿನಿಂದಲೇ ಹೋಗುತ್ತಿತ್ತು. ಒಡೆಯ ರಷ್ಯನ್, ಆದರೆ ಮಂದೆ ಕಾಯುವವನು ಸಾಮಾನ್ಯವಾಗಿ ಕಲ್ಮಿಕ್. ಚಳಿಗಾಲದ ಹಿಮಗಾಳಿಯಲ್ಲಿ ಕುದುರೆ ಮಂದೆ ದಿಕ್ಕು ತಪ್ಪಿ ಓಡುವಾಗ ರಾತ್ರಿಯಿಡೀ ಅದರ ಜೊತೆ ಓಡುವ ಕೆಲಸ ಅದು. ಉದ್ದ ಕೋಲಿನ ತುದಿಗೆ ಕುಣಿಕೆ ಕಟ್ಟಿ, ಓಡುವ ಕಾಡು ಮರಿಯ ಕೊರಳಿಗೆ ಹಾಕಿ ಹಿಡಿಯೋದರಲ್ಲಿ ಕಲ್ಮಿಕರನ್ನು ಮೀರಿಸಿದವರಿಲ್ಲ. ಆಮೇಲೆ 1940ರ ದಶಕದ ಕೊನೆಗೆ ಬುದ್ಯೊನ್ನಿ ಹೆಸರಿನ ಕುದುರೆ ತಳಿಗೆ ಮಾನ್ಯತೆ ಸಿಕ್ಕಿದ್ದು ಇದೇ ಬಯಲಿನ ಸಾಕಣೆ ಕೇಂದ್ರಗಳ ಕೆಲಸದಿಂದ. ಹೆಸರು ಮಾತ್ರ ಮಾರ್ಷಲನಿಗೆ ಸಿಕ್ಕಿತು. ಆ ಕುದುರೆಗಳ ಹಿಂದಿನ ತಲೆಮಾರುಗಳನ್ನು ಕಾಯ್ದ ಕಲ್ಮಿಕರ ಹೆಸರು ಎಲ್ಲೂ ಇಲ್ಲ. ಇದು ನನಗೆ ಬೇಸರ ತರುವ ಸಂಗತಿ.

ಕಲ್ಮಿಕ್ ಸ್ತಾನಿತ್ಸಾದ ಒಳಗೆ ಹೋದರೆ ಚರ್ಚ್ ಬದಲಿಗೆ ಖುರುಲ್, ಅಂದರೆ ಬೌದ್ಧ ಮಠ. ಡಾನ್ ಕಲ್ಮಿಕರಿಗೆಲ್ಲ ಒಬ್ಬ ಲಾಮಾ, ಪ್ರತಿ ಖುರುಲಿಗೂ ಒಬ್ಬ ಬಗ್ಶಾ, ಅಂದರೆ ಗುರು. ಅಲ್ಲಿ ಮಂತ್ರ, ಪಾಠ ಎಲ್ಲ ಟಿಬೆಟನ್ ಭಾಷೆಯಲ್ಲಿ. ಕಾಗದ ಪತ್ರ ಬರೆಯಲು ಓಯಿರಾತರ ಹಳೆ ಲಿಪಿ, 1648ರಲ್ಲಿ ಝಾಯಾ ಪಂಡಿತ ರೂಪಿಸಿದ್ದು. ಸ್ತಾನಿತ್ಸಾದ ಕಚೇರಿ, ಶಾಲೆ, ರೆಜಿಮೆಂಟಿನ ಆಜ್ಞೆ ಎಲ್ಲ ರಷ್ಯನ್ನಿನಲ್ಲಿ. ಮನೆ ಮಾತು ಕಲ್ಮಿಕ್. ಅಂದರೆ ಓದು ಬರಹ ಬಲ್ಲ ಒಬ್ಬ ಕಲ್ಮಿಕ್ ಕೊಸಾಕನ ಕೈಯಲ್ಲಿ ಮೂರು ಭಾಷೆ, ಮೂರು ಲಿಪಿ. ಜಿಲ್ಲೆಯ ಬಹುಭಾಷೆಯ ಕಥೆ ಬರೆಯುವವರು ಟಿಬೆಟನ್ ಭಾಷೆಯನ್ನು ಮರೆತೇ ಬಿಡುತ್ತಾರೆ. ಗಣತಿಯಲ್ಲಿ ಅದು ಯಾರ ತಾಯ್ನುಡಿಯೂ ಅಲ್ಲವಲ್ಲ, ಹಾಗಾಗಿ.

ಮಿಷನರಿಗಳ ಒತ್ತಡ ಇರಲಿಲ್ಲ ಅಂತಲ್ಲ, ಇತ್ತು. ಭಿಕ್ಷುಗಳ ಸಂಖ್ಯೆಗೆ ಸರ್ಕಾರದ ಮಿತಿಯೂ ಇತ್ತು. ಆದರೂ ಸೇನೆಗೆ ಸವಾರರು ಬೇಕಿದ್ದರಿಂದ ಬಲವಂತದ ಮತಾಂತರಕ್ಕೆ ಇಲ್ಲಿ ಕೈ ಹಾಕಲಿಲ್ಲ. ಸಾಗಾನ್ ಸಾರ್ ಅನ್ನುವ ವಸಂತದ ಹಬ್ಬ, ಚಳಿಗಾಲದ ಝುಲ್ ಎಲ್ಲ ನಡೆಯುತ್ತಿದ್ದವು. ಝುಲ್ ದಿನ ಎಲ್ಲರಿಗೂ ಒಂದೇ ಸಲಕ್ಕೆ ಒಂದು ವರ್ಷ ವಯಸ್ಸು ಜಾಸ್ತಿಯಾಗುತ್ತೆ ಅನ್ನೋದು ಅವರ ಲೆಕ್ಕ.

ಮಾತಿಗಿಂತ ಬೇಗ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋದು ಊಟ, ಅಲ್ವಾ? ಡಾನ್ ಕೊಸಾಕರ ಮನೆಗಳಲ್ಲಿ ಇವತ್ತಿಗೂ ಕಲ್ಮಿಕ್ ಚಹಾ ಅಂತ ಮಾಡುತ್ತಾರೆ. ಇಟ್ಟಿಗೆಯಂತೆ ಒತ್ತಿದ ಒರಟು ಚಹಾ ಎಲೆಯನ್ನು ಮುರಿದು ನೀರಲ್ಲಿ ಚೆನ್ನಾಗಿ ಕುದಿಸಬೇಕು. ಆಮೇಲೆ ಹಾಲು, ಉಪ್ಪು, ಬೆಣ್ಣೆ. ಸೌಟಿನಿಂದ ಎತ್ತಿ ಎತ್ತಿ ಮತ್ತೆ ಪಾತ್ರೆಗೇ ಸುರಿಯುತ್ತಾ ಇರಬೇಕು, ಬೆಣ್ಣೆ ಬೆರೆಯುವ ತನಕ. ಕೆಲವರು ಜಾಯಿಕಾಯಿ ತುರಿದು ಹಾಕುತ್ತಾರೆ. ಮುಂಡಗೋಡದಲ್ಲಿ ನೀವು ಉಪ್ಪಿನ ಬೆಣ್ಣೆ ಚಹಾ ಕುಡಿದಿದ್ದರೆ ಅದರ ದೂರದ ನೆಂಟ ಇದು. ರಷ್ಯನ್ ಕೊಸಾಕರು ಇದನ್ನು ಕಲಿತದ್ದು ಕಲ್ಮಿಕರ ಪಕ್ಕದಲ್ಲಿ ಬದುಕಿಯೇ.

ಈ ಜಿಲ್ಲೆಗೂ ಟಿಬೆಟಿಗೂ ಇದ್ದ ನಂಟು ಬರೀ ಮಂತ್ರದ ಮಟ್ಟದ್ದಲ್ಲ. 1904ರಲ್ಲಿ ರಷ್ಯನ್ ಸರ್ಕಾರ ಗುಟ್ಟಾಗಿ ಒಂದು ತಂಡವನ್ನು ಲಾಸಾಕ್ಕೆ ಕಳಿಸಿತು. ಮುಖ್ಯಸ್ಥ ನರಾನ್ ಉಲಾನೊವ್, ಡಾನ್ ಸೇನೆಯ ಕಲ್ಮಿಕ್ ಅಧಿಕಾರಿ. ಜೊತೆಗೆ ದಂಬೊ ಉಲ್ಯಾನೊವ್, ಡಾನ್ ಕಲ್ಮಿಕರ ಬಗ್ಶಾ. ಈತ ಟಿಬೆಟನ್ ವೈದ್ಯ ಗ್ರಂಥವನ್ನು ರಷ್ಯನ್ನಿಗೆ ಅನುವಾದಿಸಿದ್ದ ವಿದ್ವಾಂಸ. ಯಾತ್ರಿಕರ ವೇಷದಲ್ಲಿ ಹೊರಟರು. ಉಲಾನೊವ್ ದಾರಿಯಲ್ಲೇ ತೀರಿಕೊಂಡರು. ಉಲ್ಯಾನೊವ್ ಮುಂದೆ ನಡೆದು 1905ರಲ್ಲಿ ಲಾಸಾ ಮುಟ್ಟಿದರು. ಅಷ್ಟರಲ್ಲಿ ಬ್ರಿಟಿಷ್ ಭಾರತದ ಸೇನೆ ಯಂಗ್‌ಹಸ್ಬೆಂಡ್ ಕೈಕೆಳಗೆ ಲಾಸಾಕ್ಕೆ ನುಗ್ಗಿ ವಾಪಸ್ ಹೋಗಿತ್ತು, ದಲೈ ಲಾಮಾ ಮಂಗೋಲಿಯಾಕ್ಕೆ ಹೋಗಿದ್ದರು. ಸಾಲ್ ಬಯಲಿನ ಕೊಸಾಕ್ ಜಿಲ್ಲೆಯಿಂದ ಲಾಸಾದ ತನಕ ದಾರಿ ತೆರೆಯುವ ಕೆಲಸಕ್ಕೆ ರಷ್ಯಾಕ್ಕೆ ಬೇಕಾದ ಜನ ಇವರೇ ಆಗಿದ್ದರು. ಭಾಷೆ, ಧರ್ಮ, ಸೇನೆಯ ಶಿಸ್ತು ಮೂರೂ ಒಬ್ಬನಲ್ಲೇ ಸಿಗುತ್ತಿದ್ದದ್ದು ಅಲ್ಲಿ.

1917ರ ಕ್ರಾಂತಿಯ ನಂತರ ಎಲ್ಲ ಮುರಿದು ಬಿತ್ತು. ನೆಲವಿದ್ದ ಕೊಸಾಕರು ಒಂದು ಕಡೆ, ನೆಲವಿಲ್ಲದ ಇನೊಗೊರೊದ್ನಿಗಳು ಇನ್ನೊಂದು ಕಡೆ. ಭಾಷೆಗಿಂತ, ಧರ್ಮಕ್ಕಿಂತ ಜಮೀನಿನ ಸಿಟ್ಟು ಜೋರಾಗಿತ್ತು. ಕಲ್ಮಿಕರಲ್ಲಿ ಬಹುಪಾಲು ಜನ ಬೊಲ್ಶೆವಿಕರ ವಿರುದ್ಧ ನಿಂತ ಬಿಳಿ ಸೇನೆಯ ಕಡೆ ಹೋದರು. ಡಾನ್ ಬಿಳಿ ಸೇನೆಯಲ್ಲಿ 80ನೇ ಝುಂಗಾರ್ ರೆಜಿಮೆಂಟ್ ಅನ್ನುವ ಕಲ್ಮಿಕರದೇ ದಳ ಇತ್ತು. ಗೊರೊದೊವಿಕೊವ್ ಜೊತೆ ಕೆಂಪು ಸೇನೆಗೆ ಹೋದವರೂ ಇದ್ದರು. ಅಕ್ಕಪಕ್ಕದ ಹಳ್ಳಿಗಳು ಒಂದನ್ನೊಂದು ಸುಟ್ಟವು. ಖುರುಲ್‌ಗಳು ಲೂಟಿಯಾದವು. 1919ರ ಜನವರಿಯಲ್ಲಿ ಬೊಲ್ಶೆವಿಕ್ ಪಕ್ಷ ಕೊಸಾಕರ ಮೇಲೆ ಸಾಮೂಹಿಕ ದಮನದ ಆದೇಶವನ್ನೇ ಹೊರಡಿಸಿತು.

1920ರ ಮಾರ್ಚ್‌ನಲ್ಲಿ ಬಿಳಿ ಸೇನೆ ಕಪ್ಪು ಸಮುದ್ರದ ನೊವೊರೊಸ್ಸಿಸ್ಕ್ ಬಂದರಿಗೆ ಹಿಮ್ಮೆಟ್ಟಿತು. ಕಲ್ಮಿಕರು ಸೈನಿಕರನ್ನು ಮಾತ್ರ ಕಳಿಸಿ ಮನೆಯಲ್ಲಿ ಉಳಿಯಲಿಲ್ಲ. ಮುದುಕರು, ಹೆಂಗಸರು, ಮಕ್ಕಳು, ಭಿಕ್ಷುಗಳು, ಗಾಡಿಗಳು, ದನಗಳ ಸಮೇತ ಊರಿಗೆ ಊರೇ ಹೊರಟಿತ್ತು. ಉಳಿದರೆ ಕೊಲ್ಲುತ್ತಾರೆ ಅನ್ನುವ ಭಯ. ದಾರಿಯಲ್ಲಿ ಟೈಫಸ್. ಬಂದರಿನಲ್ಲಿ ಹಡಗು ಸಾಲಲಿಲ್ಲ. ಸೇನೆಗೇ ಜಾಗ ಇಲ್ಲದಿರುವಾಗ ಗಾಡಿಗಳಿಗೆ ಎಲ್ಲಿಂದ ಬರಬೇಕು? ಸಾವಿರಾರು ಕಲ್ಮಿಕರು ದಡದಲ್ಲೇ ಉಳಿದರು. ಹಡಗು ಹತ್ತಿದವರು ಕ್ರಿಮಿಯಾ, ಅಲ್ಲಿಂದ ಕಾನ್‌ಸ್ಟಾಂಟಿನೋಪಲ್, ಆಮೇಲೆ ಬಲ್ಗೇರಿಯಾ, ಯುಗೊಸ್ಲಾವಿಯಾ, ಚೆಕೊಸ್ಲೊವಾಕಿಯಾ, ಫ್ರಾನ್ಸ್ ಅಂತ ಹಂಚಿಹೋದರು. 1897ರಲ್ಲಿ 32,000 ಇದ್ದ ಡಾನ್ ಕಲ್ಮಿಕರಲ್ಲಿ ಯುದ್ಧ ಮುಗಿದಾಗ ಸಾಲ್ ಬಯಲಿನಲ್ಲಿ ಉಳಿದವರು ಅರ್ಧಕ್ಕಿಂತ ಎಷ್ಟೋ ಕಡಿಮೆ.

ಬೆಲ್‌ಗ್ರೇಡಿಗೆ ಹೋದವರ ಕಥೆ ನನಗೆ ತುಂಬ ಇಷ್ಟ. ಅವರಲ್ಲಿ ಎಷ್ಟೋ ಮಂದಿ ಮಿಲೋಶ್ ಯಾಚಿಮೊವಿಚ್ ಅನ್ನುವವನ ಇಟ್ಟಿಗೆ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದರು. ಪೂಜೆಗೆ ಜಾಗ ಇಲ್ಲ ಅಂದಾಗ ಅದೇ ಸರ್ಬಿಯನ್ ಕ್ರೈಸ್ತ ಯಜಮಾನ ತನ್ನ ನೆಲ ಕೊಟ್ಟ. 1929ರ ಡಿಸೆಂಬರ್‌ನಲ್ಲಿ ಅಲ್ಲಿ ಬೌದ್ಧ ಮಂದಿರ ಶುರುವಾಯಿತು. ಆ ಬೀದಿಗೇ ಬೌದ್ಧರ ಬೀದಿ ಅಂತ ಹೆಸರು ಬಂತು. ಎರಡನೇ ಮಹಾಯುದ್ಧದ ಕೊನೆಗೆ ಕಲ್ಮಿಕರು ಅಲ್ಲಿಂದಲೂ ಓಡಬೇಕಾಯಿತು. ಮಂದಿರ ಹಾಳಾಯಿತು, ಈಗ ಅದು ಇಲ್ಲ.

ಊರಿನಲ್ಲಿ ಉಳಿದವರ ಗತಿ ಏನಾಯಿತು? 1920ರಲ್ಲಿ ಕಲ್ಮಿಕ್ ಸ್ವಾಯತ್ತ ಪ್ರಾಂತ ಆದ ಮೇಲೆ ಹಲವರು ಸಾಲ್ ಬಿಟ್ಟು ಅಲ್ಲಿಗೆ ಹೋದರು. ಉಳಿದವರಿಗಾಗಿ 1929ರಲ್ಲಿ ಹಳೆ ಜಿಲ್ಲೆಯ ಒಂದು ತುಂಡಿನಲ್ಲಿ ಕಲ್ಮಿಕ್ ತಾಲ್ಲೂಕು ಒಂದನ್ನು ಮಾಡಿದರು. ಶಾಲೆಯಲ್ಲಿ ಕಲ್ಮಿಕ್ ಬಂತು, ಆದರೆ ಲಿಪಿ ನಿಲ್ಲಲಿಲ್ಲ. 1920ರ ದಶಕದಲ್ಲಿ ಹಳೆ ಲಿಪಿ ಬಿಟ್ಟು ಸಿರಿಲಿಕ್, 1930ರ ಸುಮಾರಿಗೆ ಲ್ಯಾಟಿನ್, 1938ರಲ್ಲಿ ಮತ್ತೆ ಸಿರಿಲಿಕ್. ಅಜ್ಜ, ಅಪ್ಪ, ಮಗ ಮೂವರೂ ಒಂದೇ ಭಾಷೆಯ ಅಕ್ಷರಸ್ಥರು, ಆದರೆ ಒಬ್ಬರ ಕಾಗದ ಇನ್ನೊಬ್ಬರಿಗೆ ಓದಲು ಬಾರದು. ಉಕ್ರೇನಿಯನ್ ಶಾಲೆಗಳ ಕಥೆಯೂ ಚಿಕ್ಕದೇ. 1920ರ ದಶಕದಲ್ಲಿ ಉತ್ತರ ಕಾಕಸಸ್ ಪ್ರಾಂತದಲ್ಲಿ ತೆರೆದವು, 1932ರ ಡಿಸೆಂಬರ್‌ನ ಆದೇಶದಿಂದ ಮುಚ್ಚಿದವು. ಆಮೇಲಿನ ಗಣತಿಗಳಲ್ಲಿ ಅಲ್ಲಿನ ಉಕ್ರೇನಿಯನ್ನರ ಸಂಖ್ಯೆ ಪಾತಾಳಕ್ಕೆ ಇಳಿದದ್ದು ಬರೀ ಸಾವು, ವಲಸೆಯಿಂದ ಅಲ್ಲ. ಅದೇ ಜನ, ಅವರ ಮಕ್ಕಳು, ರಷ್ಯನ್ನರು ಅಂತ ಬರೆಸಿಕೊಂಡರು.

ಕೊನೆಯ ಪೆಟ್ಟು ಬಿದ್ದದ್ದು ಎರಡನೇ ಮಹಾಯುದ್ಧದಲ್ಲಿ. ಕಲ್ಮಿಕರಲ್ಲಿ ಕೆಲವರು ಜರ್ಮನ್ನರ ಜೊತೆ ಸೇರಿದ್ದರು, ನಿಜ. ಸಾವಿರಾರು ಮಂದಿ ಕೆಂಪು ಸೇನೆಯಲ್ಲಿ ಹೋರಾಡಿದ್ದರು, 1942ರಲ್ಲಿ ಡಾನ್ ದಡದಲ್ಲೇ 110ನೇ ಕಲ್ಮಿಕ್ ಅಶ್ವದಳ ಜರ್ಮನ್ ಟ್ಯಾಂಕುಗಳ ಎದುರು ನಿಂತಿತ್ತು, ಅದೂ ನಿಜ. ಸ್ಟಾಲಿನ್ ಸರ್ಕಾರ ಶಿಕ್ಷೆ ಕೊಟ್ಟದ್ದು ಇಡೀ ಜನಕ್ಕೆ. 1943ರ ಡಿಸೆಂಬರ್ 28ರಂದು ಕಲ್ಮಿಕಿಯಾದ 90,000ಕ್ಕೂ ಜಾಸ್ತಿ ಜನರನ್ನು ದನದ ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಸಾಲ್ ಬಯಲಿನ ಕಲ್ಮಿಕರ ಸರದಿ 1944ರ ಮಾರ್ಚ್‌ನಲ್ಲಿ ಬಂತು. ಅವರ ತಾಲ್ಲೂಕನ್ನೂ ರದ್ದು ಮಾಡಿದರು. ರಣರಂಗದಲ್ಲಿದ್ದ ಕಲ್ಮಿಕ್ ಸೈನಿಕರನ್ನು ಕರೆಸಿ ಕೂಲಿ ಶಿಬಿರಕ್ಕೆ ಹಾಕಿದರು. ಜನರಲ್ ಗೊರೊದೊವಿಕೊವ್ ಮಾತ್ರ ಸೇನೆಯ ದೊಡ್ಡ ಹುದ್ದೆಯಲ್ಲೇ ಇದ್ದರು. 1957ರಲ್ಲಿ ಕಲ್ಮಿಕರಿಗೆ ವಾಪಸ್ ಬರಲು ಅನುಮತಿ ಸಿಕ್ಕಿ, ಕಲ್ಮಿಕಿಯಾ ಮತ್ತೆ ಎದ್ದು ನಿಂತಿತು. ಆದರೆ ರೊಸ್ತೋವ್ ಪ್ರಾಂತದ ಕಲ್ಮಿಕ್ ತಾಲ್ಲೂಕು ಮತ್ತೆ ಬರಲೇ ಇಲ್ಲ. ಹಾಗಾಗಿ ಡಾನ್ ಕಲ್ಮಿಕರಲ್ಲಿ ಹೆಚ್ಚಿನವರು ಕಲ್ಮಿಕಿಯಾದಲ್ಲೇ, ಅದರಲ್ಲೂ ಅದರ ಪಶ್ಚಿಮ ಮೂಲೆಯಲ್ಲಿ ನೆಲೆಸಿದರು. ಅಲ್ಲಿನ ಒಂದು ಪಟ್ಟಣದ ಹೆಸರು ಈಗ ಗೊರೊದೊವಿಕೊವ್‌ಸ್ಕ್. ನಿಮ್ಮ ಭಿಕ್ಷುವಿನ ಮನೆಯವರೂ ಬಹುಶಃ ಹೀಗೆಯೇ ಬಂದವರು.

ಯುರೋಪಿಗೆ ಹೋಗಿದ್ದ ಕಲ್ಮಿಕರು ಯುದ್ಧದ ನಂತರ ಜರ್ಮನಿಯ ನಿರಾಶ್ರಿತ ಶಿಬಿರಗಳಲ್ಲಿ ವರ್ಷಗಟ್ಟಲೆ ಕಾದರು. ಅಮೆರಿಕದ ಆಗಿನ ಕಾನೂನು ಏಷ್ಯಾ ಮೂಲದವರಿಗೆ ಅಡ್ಡಿ. 1951ರಲ್ಲಿ ಇವರ ಮಟ್ಟಿಗೆ ಆ ಅಡ್ಡಿ ತೆರವಾಗಿ, ಸುಮಾರು 600 ಮಂದಿ ಅಮೆರಿಕಕ್ಕೆ ಹೋದರು. ನ್ಯೂಜೆರ್ಸಿಯ ಹೋವೆಲ್ ಊರಿನಲ್ಲಿ, ಫಿಲಡೆಲ್ಫಿಯಾದಲ್ಲಿ ನೆಲೆಸಿದ ಅವರಲ್ಲಿ ಬಹುಪಾಲು ಜನ ಡಾನ್ ಕಲ್ಮಿಕರೇ. ಅಲ್ಲಿಗೆ ಬಂದು ಮಠ ಕಟ್ಟಿದ ಗೆಶೆ ವಾಂಗ್ಯಾಲ್ ವೋಲ್ಗಾ ಕಡೆಯ ಕಲ್ಮಿಕ್. ಲಾಸಾದ ಡ್ರೆಪುಂಗ್ ಗೋಮಾಂಗ್ ಮಠದಲ್ಲಿ ಓದಿದವರು. ಮಂಗೋಲಿಯಾ, ಬುರ್ಯಾತಿಯಾ, ಕಲ್ಮಿಕಿಯಾದ ಭಿಕ್ಷುಗಳು ಹಿಂದಿನಿಂದಲೂ ಓದಲು ಹೋಗುತ್ತಿದ್ದದ್ದು ಗೋಮಾಂಗ್‌ಗೇ. ಚೀನಾ ಟಿಬೆಟನ್ನು ಹಿಡಿದ ಮೇಲೆ ಆ ಮಠ ಮತ್ತೆ ತಲೆ ಎತ್ತಿದ್ದು ನಮ್ಮ ಉತ್ತರ ಕನ್ನಡದ ಮುಂಡಗೋಡದಲ್ಲಿ. 1972ರಲ್ಲಿ ಫಿಲಡೆಲ್ಫಿಯಾದ ಕಲ್ಮಿಕ್ ಮನೆಯೊಂದರಲ್ಲಿ ಹುಟ್ಟಿದ ತೆಲೊ ತುಲ್ಕು ರಿಂಪೊಚೆ ಬಾಲ್ಯದಲ್ಲೇ ಮುಂಡಗೋಡಕ್ಕೆ ಬಂದು ಅಲ್ಲೇ ಓದಿದರು. ಸೋವಿಯತ್ ಒಕ್ಕೂಟ ಮುರಿದ ಮೇಲೆ, 1992ರಲ್ಲಿ, ಕಲ್ಮಿಕಿಯಾದ ಮುಖ್ಯ ಲಾಮಾ ಆಗಿ 30 ವರ್ಷ ಆ ಸ್ಥಾನದಲ್ಲಿದ್ದರು. ಖುರುಲ್‌ಗಳನ್ನೆಲ್ಲ ಕೆಡವಿದ್ದ ಜಾಗದಲ್ಲಿ ಮತ್ತೆ ಬೌದ್ಧ ವಿದ್ಯೆ ಬೆಳೆದದ್ದರಲ್ಲಿ ಮುಂಡಗೋಡದ ಪಾಲು ದೊಡ್ಡದು. ನಮ್ಮ ಜಿಲ್ಲೆಯವರಿಗೆ ಇದು ಗೊತ್ತಿರಬೇಕು ಅಂತ ನನಗೆ ಬಹಳ ಅನಿಸುತ್ತೆ.

ಇನ್ನು ಒಂದು ಮಾತು. ನೀವು ಮತ್ತೆ ಅವರನ್ನು ಕಂಡರೆ, ಮುತ್ತಜ್ಜನ ಸ್ತಾನಿತ್ಸಾ ಯಾವುದು, ಅಯ್ಮಗ್ ಯಾವುದು ಅಂತ ಕೇಳಿ. ಎರಡೂ ಗೊತ್ತಿದ್ದರೆ ತುಂಬ ದೂರ ಹೋಗಬಹುದು. ಡಾನ್ ಸೇನೆಯ ಹಳೆ ದಾಖಲೆಗಳು ರೊಸ್ತೋವ್ ಪ್ರಾಂತದ ಸರ್ಕಾರಿ ಪತ್ರಾಗಾರದಲ್ಲಿವೆ. ಅವು ಸ್ತಾನಿತ್ಸಾವಾರು ಇರೋದರಿಂದ ಬರೀ ಮನೆತನದ ಹೆಸರು ಹಿಡಿದು ಹೋದರೆ ಕಷ್ಟ. ಕಲ್ಮಿಕರ ಮನೆತನದ ಹೆಸರುಗಳು ರಷ್ಯನ್ ರೂಪಕ್ಕೆ ತಿರುಗಿದ್ದು ತಡವಾಗಿ, ಒಂದೇ ಹೆಸರಿನ ಮನೆಗಳು ಹಲವು ಊರುಗಳಲ್ಲಿ ಸಿಗುತ್ತವೆ. ನಕ್ಷೆಯಲ್ಲಿ ಹುಡುಕುವಾಗಲೂ ಎಚ್ಚರ. ಕುತೇಯ್ನಿಕೊವ್‌ಸ್ಕಾಯಾ ಝಿಮೊವ್ನಿಕಿ ತಾಲ್ಲೂಕಿನಲ್ಲಿ ಅದೇ ಹೆಸರಿನಲ್ಲಿ ಇದೆ. ದೆನಿಸೊವ್‌ಸ್ಕಾಯಾ ಹೆಸರು ರೆಮೊಂತ್ನೊಯೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಉಳಿದಿದೆ. ಪ್ಲಾತೊವ್‌ಸ್ಕಾಯಾ ಅಂತ ಅಲ್ಲಿ ಹುಡುಕಿದರೆ ಸಿಗೋದಿಲ್ಲ, ಅದು ಈಗ ಬುದ್ಯೊನ್ನೊವ್‌ಸ್ಕಾಯಾ. ಮುತ್ತಜ್ಜ ಪ್ಲಾತೊವ್‌ಸ್ಕಾಯಾದವರು ಅಂದರೆ ಪ್ರೊಲೆಟಾರ್ಸ್ಕ್ ತಾಲ್ಲೂಕಿನಲ್ಲಿ ಆ ಹೆಸರು ನೋಡಿ.